ಯುದ್ಧಕಾಲದಲ್ಲಿ ಒಂದು ಮನೆ: 'ಕಿತ್ತೂರು ಚೆನ್ನಮ್ಮ' ಚಿತ್ರವನ್ನು ನೋಡುವ ಬಗೆ

2025ರ ಜುಲೈ ತಿಂಗಳಲ್ಲಿ ಹಿರಿಯ ಅಭಿನೇತ್ರಿ ಬಿ. ಸರೋಜಾದೇವಿಯವರು ನಿಧನರಾದಾಗ ನಮ್ಮ ಈ ಗಡಿಸೀಮೆಯ ಮನೆಗಳಲ್ಲಿ ಎರಡು ಬಗೆಯ ನೆನಪುಗಳು ಎದ್ದುಬಂದವು. ತಮಿಳು ಚಿತ್ರಗಳನ್ನು ನೋಡಿ ಬೆಳೆದ ಹಿರಿಯರು ಎಂ.ಜಿ.ಆರ್. ಅವರೊಡನೆ ಆಕೆ ನಟಿಸಿದ ಚಿತ್ರಗಳ ಹೆಸರುಗಳನ್ನು ಸಾಲಾಗಿ ಹೇಳಿದರು. ಟೂರಿಂಗ್ ಟಾಕೀಸಿನ ಮರಳಿನ ಮೇಲೆ ಕೂತು ಕನ್ನಡ ಚಿತ್ರಗಳನ್ನು ನೋಡಿದವರು ಮೊದಲು ಹೇಳಿದ್ದು ಒಂದೇ ಹೆಸರು: 'ಕಿತ್ತೂರು ಚೆನ್ನಮ್ಮ'. ಆ ಚಿತ್ರವನ್ನು ಪೂರ್ತಿ ನೋಡದ ಮಕ್ಕಳಿಗೂ ಅದರ ಒಂದು ದೃಶ್ಯ ಗೊತ್ತು. ಕಂಪನಿಯವರನ್ನು ರಾಣಿ ಕಪ್ಪದ ವಿಚಾರವಾಗಿ ತರಾಟೆಗೆ ತೆಗೆದುಕೊಳ್ಳುವ ಆ ಮಾತುಗಳು ಶಾಲಾ ವಾರ್ಷಿಕೋತ್ಸವಗಳ ಏಕಪಾತ್ರಾಭಿನಯಕ್ಕೆ ಅರವತ್ತು ವರ್ಷಗಳಿಂದ ಒದಗಿಬಂದಿವೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಸೊಂಟಕ್ಕೆ ರಟ್ಟಿನ ಕತ್ತಿ ಸಿಕ್ಕಿಸಿಕೊಂಡು ಆ ಮಾತುಗಳನ್ನು ಆಡಿದರೆ ಸಭೆಯಲ್ಲಿ ಚಪ್ಪಾಳೆ ಖಂಡಿತ.

ಚಪ್ಪಾಳೆಗೆ ನಮ್ಮ ಅಡ್ಡಿಯಿಲ್ಲ. ಆದರೆ ಅದರ ಒಂದು ಪರಿಣಾಮವನ್ನು ಪ್ರಬಂಧದ ಪುಸ್ತಕಗಳನ್ನು ತಿದ್ದುವಾಗ ನಾವು ಕಾಣುತ್ತಿರುತ್ತೇವೆ. ಕಿತ್ತೂರಿನ ಯುದ್ಧ ಏಕೆ ನಡೆಯಿತು ಎಂದು ಕೇಳಿದರೆ ಹತ್ತರಲ್ಲಿ ಎಂಟು ಮಂದಿ, ರಾಣಿ ಕಪ್ಪ ಕೊಡಲು ಒಪ್ಪಲಿಲ್ಲವಾದ್ದರಿಂದ ಎಂದು ಬರೆಯುತ್ತಾರೆ. ಇತಿಹಾಸ ಹೇಳುವುದು ಬೇರೆ. ಕಿತ್ತೂರು ಸಂಸ್ಥಾನ 1818ರಿಂದಲೂ ಕಂಪನಿಗೆ ವರ್ಷಕ್ಕೆ 1,75,000 ರೂಪಾಯಿ ಕಪ್ಪ ಕೊಡುತ್ತಿತ್ತು. 1824ರಲ್ಲಿ ಜಗಳ ಹತ್ತಿದ್ದು ಒಂದು ಹುಡುಗನ ವಿಚಾರವಾಗಿ. ಈ ಹುಡುಗ ಈ ಮನೆಯ ಮಗನೋ ಅಲ್ಲವೋ, ಅದನ್ನು ಹೇಳಬೇಕಾದವರು ಮನೆಯವರೋ ಸರ್ಕಾರದವರೋ ಎಂಬುದೇ ಪ್ರಶ್ನೆ. ಕೋಟೆ, ಕುದುರೆ, ಫಿರಂಗಿ ಎಲ್ಲವೂ ಆಮೇಲೆ ಬಂದವು. ಹಾಗಾಗಿ ಈ ಚಿತ್ರವನ್ನು ಯುದ್ಧದ ಚಿತ್ರವೆಂದು ನೋಡುವುದರ ಜೊತೆಗೆ, ಯುದ್ಧಕಾಲದಲ್ಲಿ ಸಿಕ್ಕಿಕೊಂಡ ಒಂದು ಮನೆಯ ಚಿತ್ರವೆಂದು ನೋಡಬೇಕೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಬೇಕಾದ ಒಂದಿಷ್ಟು ವಿವರಗಳನ್ನು ಇಲ್ಲಿ ಕೊಡುತ್ತೇವೆ.

ಮೊದಲು ಚಿತ್ರದ ವಿಚಾರ. 'ಕಿತ್ತೂರು ಚೆನ್ನಮ್ಮ' 1961ರ ಕಪ್ಪು-ಬಿಳುಪು ಚಿತ್ರ. ಪದ್ಮಿನಿ ಪಿಕ್ಚರ್ಸ್ ಸಂಸ್ಥೆಯ ಮೂಲಕ ನಿರ್ಮಿಸಿ ನಿರ್ದೇಶಿಸಿದವರು ಬಿ.ಆರ್. ಪಂತುಲು. ಚೆನ್ನಮ್ಮನಾಗಿ ಸರೋಜಾದೇವಿ, ಆಕೆಯ ಗಂಡ ಮಲ್ಲಸರ್ಜನಾಗಿ ರಾಜಕುಮಾರ್, ಹಿರಿಯ ರಾಣಿ ರುದ್ರಮ್ಮನಾಗಿ ಎಂ.ವಿ. ರಾಜಮ್ಮ ಅಭಿನಯಿಸಿದ್ದಾರೆ. ಸಂಗೀತ ಟಿ.ಜಿ. ಲಿಂಗಪ್ಪ ಅವರದು. ಆ ವರ್ಷದ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಕನ್ನಡದ ಮನ್ನಣೆ ಈ ಚಿತ್ರಕ್ಕೆ ಸಂದಿತು. ಪಂತುಲು ಮತ್ತು ರಾಜಮ್ಮ ಇಬ್ಬರೂ 1936ರ 'ಸಂಸಾರ ನೌಕೆ'ಯಲ್ಲೇ ಒಟ್ಟಿಗೆ ನಟಿಸಿದ್ದವರು. 1958ರ 'ಸ್ಕೂಲ್ ಮಾಸ್ಟರ್' ಚಿತ್ರದಲ್ಲಿ ಮೇಷ್ಟರೂ ಮೇಷ್ಟರ ಹೆಂಡತಿಯೂ ಆಗಿ ಎಷ್ಟೋ ಮನೆಗಳವರ ಕಣ್ಣು ಒದ್ದೆ ಮಾಡಿದವರು. (ನಮ್ಮ ವೃತ್ತಿಯವರಿಗೆ ಆ ಚಿತ್ರದ ಮೇಲೆ ಸ್ವಲ್ಪ ಪಕ್ಷಪಾತವಿರುವುದು ಸಹಜ.) ಮನೆಯೊಳಗಿನ ಸುಖದುಃಖಗಳನ್ನು ತೋರಿಸುವುದರಲ್ಲಿ ಪಳಗಿದ ಕೈ ಪಂತುಲು ಅವರದು. ರಾಜರ ಕಥೆ ತೆಗೆದುಕೊಂಡಾಗಲೂ ಆ ಕೈ ಸುಮ್ಮನಿರಲಿಲ್ಲ.

ಹಾಗಾದರೆ ಕಪ್ಪದ ಮಾತು ಎಲ್ಲಿಂದ ಬಂತು? ಇದಕ್ಕೆ ಉತ್ತರ ಹುಡುಕಲು ನಮ್ಮ ಮಕ್ಕಳು ದೂರ ಹೋಗಬೇಕಾಗಿಲ್ಲ. ಪಕ್ಕದ ಮನೆಯ ತಮಿಳು ಗೆಳೆಯರನ್ನು ಕೇಳಿದರೆ ಸಾಕು. 'ಕಿತ್ತೂರು ಚೆನ್ನಮ್ಮ'ಕ್ಕೆ ಎರಡು ವರ್ಷ ಮೊದಲು, 1959ರಲ್ಲಿ, ಇದೇ ಪಂತುಲು ಅವರು ತಮಿಳಿನಲ್ಲಿ 'ವೀರಪಾಂಡಿಯ ಕಟ್ಟಬೊಮ್ಮನ್' ಚಿತ್ರ ತೆಗೆದಿದ್ದರು. ಶಕ್ತಿ ಕೃಷ್ಣಸ್ವಾಮಿ ಬರೆದು, ಶಿವಾಜಿ ಗಣೇಶನ್ ಗುಡುಗಿದ ಆ ಚಿತ್ರದ ಕಪ್ಪದ ಸಂಭಾಷಣೆಯನ್ನು ತಮಿಳುನಾಡಿನ ಶಾಲೆಗಳ ಮಕ್ಕಳು ಇಂದಿಗೂ ವೇದಿಕೆಯ ಮೇಲೆ ಒಪ್ಪಿಸುತ್ತಾರೆ. ಕಟ್ಟಬೊಮ್ಮನ ಬಾಳಿನಲ್ಲಿ ಅದು ಸರಿಯಾದ ಮಾತು. ಅವನಿಗೂ ಕಲೆಕ್ಟರ್ ಜಾಕ್ಸನ್‌ಗೂ 1798ರಲ್ಲಿ ವೈಮನಸ್ಸು ಬಂದದ್ದೇ ಬಾಕಿ ಉಳಿದ ಕಪ್ಪದಿಂದ. 1799ರ ಅಕ್ಟೋಬರಿನಲ್ಲಿ ಕಯತ್ತಾರಿನಲ್ಲಿ ಅವನನ್ನು ಗಲ್ಲಿಗೇರಿಸಿದರು. ಎರಡೂ ಚಿತ್ರಗಳನ್ನು ನೋಡಿದವರಿಗೆ ಎರಡು ಸಂಭಾಷಣೆಗಳೂ ಅಕ್ಕತಂಗಿಯರೆಂದು ತಿಳಿಯುವುದು ಕಷ್ಟವಲ್ಲ. ಪಾಂಚಾಲಂಕುರಿಚ್ಚಿಯಲ್ಲಿ ಕೈಗೂಡಿದ ಒಂದು ಮಾತಿನ ಬಾಣವನ್ನು ಪಂತುಲು ಕಿತ್ತೂರಿನಲ್ಲಿಯೂ ಬಿಟ್ಟರು. ಇಲ್ಲಿಯೂ ಅದು ಗುರಿ ಮುಟ್ಟಿತು. ನಾಟಕದ ದೃಷ್ಟಿಯಿಂದ ತಪ್ಪೇನಿಲ್ಲ. ಚರಿತ್ರೆಯ ಪರೀಕ್ಷೆಯಲ್ಲಿ ಮಾತ್ರ ಅದು ಅಂಕ ಕಳೆಯುತ್ತದೆ.

ಚಿತ್ರರಂಗದ ಮಾತು ಬಂದಿರುವುದರಿಂದ ನಮ್ಮ ಸೀಮೆಯ ಒಂದು ಸಂಗತಿಯನ್ನೂ ಹೇಳಿಬಿಡಬೇಕು. ಸೇಲಂನಿಂದ ಏರ್ಕಾಡಿನ ಬೆಟ್ಟಕ್ಕೆ ಹೊರಟವರಿಗೆ ಘಾಟಿ ಸಿಕ್ಕುವ ಮೊದಲೇ ರಸ್ತೆಯ ಪಕ್ಕದಲ್ಲಿ ಒಂದು ಹಳೆಯ ಕಮಾನು ಕಾಣುತ್ತದೆ. ಟಿ.ಆರ್. ಸುಂದರಂ ಅವರು 1930ರ ದಶಕದಲ್ಲಿ ಕಟ್ಟಿದ ಮಾಡರ್ನ್ ಥಿಯೇಟರ್ಸ್ ಸ್ಟುಡಿಯೋದ ಹೆಬ್ಬಾಗಿಲು ಅದು. ಮಲಯಾಳಂನ ಮೊದಲ ವಾಕ್ಚಿತ್ರ 'ಬಾಲನ್' 1938ರಲ್ಲಿ ತಯಾರಾದದ್ದು ಈ ಸಂಸ್ಥೆಯಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಚ್ಚಾ ಫಿಲಂಗೆ ಬರ ಬಂದು, ಅದನ್ನು ಸರ್ಕಾರವೇ ಅಳೆದು ಹಂಚುತ್ತಿತ್ತು. ಯುದ್ಧಕ್ಕೆ ಒತ್ತಾಸೆಯಾಗುವಂಥ ಚಿತ್ರಗಳನ್ನೂ ಮಾಡಿಕೊಡಬೇಕೆಂದು ಸ್ಟುಡಿಯೋಗಳ ಮೇಲೆ ಒತ್ತಾಯವಿತ್ತು. ಹೀಗೆ ಇಲ್ಲಿ ತಯಾರಾದ ಚಿತ್ರವೇ 1945ರ 'ಬರ್ಮಾ ರಾಣಿ'. ಜಪಾನೀಯರ ವಶದಲ್ಲಿದ್ದ ಬರ್ಮಾ ಅದರ ಕಥೆಯ ನೆಲ. ಅದರಲ್ಲಿ ಮುಖ್ಯ ಪಾತ್ರ ವಹಿಸಿದವರು ನಮ್ಮ ಹೊನ್ನಪ್ಪ ಭಾಗವತರು. ಇದೇ ಭಾಗವತರು ಮುಂದೆ ಕನ್ನಡದಲ್ಲಿ 1955ರ 'ಮಹಾಕವಿ ಕಾಳಿದಾಸ'ವನ್ನು ನಿರ್ಮಿಸಿದಾಗ ಹದಿನೇಳು ವರ್ಷದ ಹುಡುಗಿಯೊಬ್ಬಳನ್ನು ಬೆಳ್ಳಿತೆರೆಗೆ ಪರಿಚಯಿಸಿದರು. ಆ ಹುಡುಗಿಯೇ ಸರೋಜಾದೇವಿ. ಆರು ವರ್ಷ ಕಳೆಯುವಷ್ಟರಲ್ಲಿ ಆಕೆ ಚೆನ್ನಮ್ಮನಾದರು.

'ಬರ್ಮಾ ರಾಣಿ'ಯಂಥ ಚಿತ್ರಕ್ಕೂ 'ಕಿತ್ತೂರು ಚೆನ್ನಮ್ಮ'ದಂಥ ಚಿತ್ರಕ್ಕೂ ಒಂದು ಅಂತರವಿದೆ. ಮೊದಲನೆಯದು ಯುದ್ಧ ನಡೆಯುತ್ತಿರುವಾಗಲೇ ತೆಗೆದದ್ದು. ಜನ ಒಂದು ಪಕ್ಷಕ್ಕೆ ನಿಲ್ಲಲಿ ಎಂಬುದು ಅದರ ಉದ್ದೇಶ. ಎರಡನೆಯದು ನೂರಮೂವತ್ತೇಳು ವರ್ಷ ಕಳೆದ ಮೇಲೆ, ಆ ಮನೆಯಲ್ಲಿ ಏನು ನಡೆದಿರಬಹುದು ಎಂದು ಹಿಂದಿರುಗಿ ನೋಡುವುದು. ಹೀಗೆ ಹಿಂದಿರುಗಿ ನೋಡುವ ಕಲೆಯಲ್ಲಿ ಜಗತ್ತಿಗೆ ಹಿರಿಯಣ್ಣಂದಿರು ಗ್ರೀಕರು. ಕ್ರಿಸ್ತಪೂರ್ವ 480ರಲ್ಲಿ ಸಾಲಮಿಸ್ ಎಂಬಲ್ಲಿ ಗ್ರೀಕರ ನೌಕಾಪಡೆ ಪರ್ಷಿಯದ ದೊರೆ ಕ್ಸರ್ಕ್ಸಸನ ದೊಡ್ಡ ಹಡಗುಪಡೆಯನ್ನು ಸೋಲಿಸಿತು. ಎಂಟು ವರ್ಷಗಳ ಬಳಿಕ ಈಸ್ಕಿಲಸ್ ಎಂಬ ನಾಟಕಕಾರ, ಪರ್ಷಿಯನ್ನರೊಡನೆ ತಾನೂ ಹೋರಾಡಿದ್ದವನು, ಆ ಯುದ್ಧವನ್ನು ರಂಗದ ಮೇಲೆ ತಂದ. ಗೆದ್ದವರ ಊರಿನಲ್ಲಿ ಗೆದ್ದವರ ಮುಂದೆ ಆಡಿದ ಆ ನಾಟಕದಲ್ಲಿ ಗ್ರೀಕ್ ವೀರನೊಬ್ಬನೂ ಪಾತ್ರವಾಗಿ ಬರುವುದಿಲ್ಲ! ಕಾಣುವುದು ಸೋತವರ ಅರಮನೆ. ಕೆಟ್ಟ ಕನಸು ಕಂಡು ಮಗನ ದಾರಿ ಕಾಯುವ ತಾಯಿ, ಗೋರಿಯಿಂದ ಎದ್ದುಬಂದು ಮಗನ ದುಡುಕನ್ನು ಹಳಿಯುವ ತಂದೆಯ ಪ್ರೇತ, ಕೊನೆಗೆ ಹರಿದ ಬಟ್ಟೆಯಲ್ಲಿ ಒಬ್ಬನೇ ಹಿಂತಿರುಗುವ ಮಗ. ಉಳಿದುಬಂದಿರುವ ಗ್ರೀಕ್ ರುದ್ರನಾಟಕಗಳಲ್ಲಿ ಪುರಾಣವನ್ನು ಬಿಟ್ಟು ನಡೆದ ಚರಿತ್ರೆಯನ್ನು ಎತ್ತಿಕೊಂಡದ್ದು ಇದೊಂದೇ. ನಮ್ಮ ಬಿ.ಎಂ. ಶ್ರೀಕಂಠಯ್ಯನವರು ಇದನ್ನು 1935ರಲ್ಲಿ 'ಪಾರಸಿಕರು' ಎಂಬ ಹೆಸರಿನಿಂದ ಕನ್ನಡಕ್ಕೆ ತಂದಿದ್ದಾರೆ. ಪುಟ್ಟ ಪುಸ್ತಕ, ಪ್ರೌಢಶಾಲೆಯ ಮೇಲಿನ ತರಗತಿಯವರು ಸ್ವಲ್ಪ ಸಹಾಯ ಪಡೆದು ಓದಬಹುದು.

ಗ್ರೀಕರಲ್ಲಿ ಈ ಬಗೆ ಇನ್ನೂ ಬದುಕಿದೆ. 2021ರಲ್ಲಿ ಅವರು ತೆರೆಗೆ ತಂದ ಸ್ಮಿರ್ನಾ ನಗರದ ಕುರಿತ ಚಿತ್ರ, ಅಲ್ಲಿ ಬಾಳಿ ಬದುಕಿದ ಒಂದು ಗ್ರೀಕ್ ಮನೆತನದ ಕಥೆ. ಗ್ರೀಕರಿಗೂ ತುರ್ಕರಿಗೂ ನಡೆದ ಯುದ್ಧದ ಕೊನೆಗೆ, 1922ರ ಸೆಪ್ಟೆಂಬರಿನಲ್ಲಿ, ಆ ನಗರ ಹೊತ್ತಿ ಉರಿಯಿತು. ಮರುವರ್ಷದ ಒಪ್ಪಂದದಂತೆ ಹತ್ತು ಲಕ್ಷಕ್ಕೂ ಮಿಕ್ಕ ಕ್ರೈಸ್ತರು ಗ್ರೀಸಿನ ಕಡೆಗೂ ಸುಮಾರು ನಾಲ್ಕು ಲಕ್ಷ ಮುಸ್ಲಿಮರು ತುರ್ಕಿಯ ಕಡೆಗೂ ಸೇರಿಹೋದರು. ಇಂಥ ಲಕ್ಷಗಳನ್ನು ಓದಿದಾಗ ನಮ್ಮ ಮನಸ್ಸು ಅಲುಗುವುದಿಲ್ಲ. ಒಂದು ಮನೆಯ ಊಟದ ಮೇಜು ಬರಿದಾದದ್ದನ್ನು ತೋರಿಸಿದರೆ ಅಲುಗುತ್ತದೆ. ಮನೆಯನ್ನು ಹಿಡಿದು ಯುದ್ಧವನ್ನು ಹೇಳುವವರು ಕಂಡುಕೊಂಡ ಉಪಾಯ ಇದೇ.

ಈಗ ಕಿತ್ತೂರಿನ ಮನೆಗೆ ಬರೋಣ. ಯಾರು ಯಾರಿಗೆ ಏನಾಗಬೇಕು ಎಂಬುದು ತಿಳಿಯದಿದ್ದರೆ ಚಿತ್ರ ಅರ್ಧ ಅರ್ಥವಾದಂತೆಯೇ. ಕಿತ್ತೂರಿನ ದೊರೆಗಳನ್ನು ದೇಸಾಯಿ ಎಂದು ಕರೆಯುತ್ತಿದ್ದರು. ದೇಸಾಯಿ ಮಲ್ಲಸರ್ಜನಿಗೆ ಇಬ್ಬರು ಹೆಂಡತಿಯರು. ಹಿರಿಯಳು ರುದ್ರಮ್ಮ, ಕಿರಿಯಳು ಬೆಳಗಾವಿಯ ಬಳಿಯ ಕಾಕತಿಯ ದೇಸಾಯರ ಮಗಳು ಚೆನ್ನಮ್ಮ. ಚೆನ್ನಮ್ಮ ಹುಟ್ಟಿದ್ದು 1778ರಲ್ಲಿ ಎನ್ನುತ್ತಾರೆ. ಆಕೆಯೂ ಮಲ್ಲಸರ್ಜನೂ ಹುಲಿಬೇಟೆಯಲ್ಲಿ ಸಂಧಿಸಿದರೆಂಬ ಕಥೆ ಬಹಳ ಸೊಗಸಾಗಿದೆ, ಆದರೆ ಅದು ಜನರ ಬಾಯಿಯ ಕಥೆ, ಕಥೆಯೆಂದೇ ಸವಿಯಬೇಕು. ಮಲ್ಲಸರ್ಜನ ಬಾಳಿನಲ್ಲಿ ಸುಖಕ್ಕಿಂತ ಸೆರೆಯೇ ಹೆಚ್ಚು. ಎಳೆಯ ವಯಸ್ಸಿನಲ್ಲಿ ಟಿಪ್ಪು ಸುಲ್ತಾನನ ಕಡೆಯವರು ಅವನನ್ನು ಹಿಡಿದು ಕಬ್ಬಾಳದುರ್ಗದಲ್ಲಿ ಇಟ್ಟಿದ್ದರು. ಅಲ್ಲಿಂದ ತಪ್ಪಿಸಿಕೊಂಡು ಬಂದ. ಕಡೆಗಾಲದಲ್ಲಿ ಪೇಶ್ವೆ ಎರಡನೆಯ ಬಾಜೀರಾಯ ಅವನನ್ನು ಪುಣೆಯಲ್ಲಿ ಸೆರೆಯಲ್ಲಿಟ್ಟ. ಬಿಡುಗಡೆ ಹೊಂದಿ ಊರಿಗೆ ಬರುವ ದಾರಿಯಲ್ಲೇ 1816ರಲ್ಲಿ ತೀರಿಕೊಂಡ. ಹೆಂಡತಿಯರ ಪಾಲಿಗೆ ಯುದ್ಧವೆಂದರೆ 1824ರಲ್ಲಿ ಥಟ್ಟನೆ ಬಂದದ್ದಲ್ಲ. ಗಂಡ ಮನೆಯಲ್ಲಿಲ್ಲದ ವರ್ಷಗಳೇ ಅವರ ಯುದ್ಧಕಾಲ. ರಾಜಮ್ಮ ಮತ್ತು ಸರೋಜಾದೇವಿ ಒಟ್ಟಿಗೆ ಇರುವ ದೃಶ್ಯಗಳನ್ನು ಈ ಮಾತು ನೆನಪಿಟ್ಟುಕೊಂಡು ನೋಡಬೇಕು.

ಚೆನ್ನಮ್ಮನ ಸ್ವಂತ ಮಗ ಉಳಿಯಲಿಲ್ಲ. ಮಲ್ಲಸರ್ಜನ ನಂತರ ಪಟ್ಟಕ್ಕೆ ಬಂದವನು ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ. ಇವನು ಪೇಶ್ವೆಯ ಮೇಲಿನ ಯುದ್ಧದಲ್ಲಿ ಕಂಪನಿಗೆ ನೆರವಾದ. ಅದಕ್ಕೆ ಪ್ರತಿಯಾಗಿ 1818ರಲ್ಲಿ ಥಾಮಸ್ ಮನ್ರೋ ಕಿತ್ತೂರನ್ನು ಅವನಿಗೇ ಉಳಿಸಿಕೊಟ್ಟ. ಮೇಲೆ ಹೇಳಿದ ಕಪ್ಪ ಗೊತ್ತಾದದ್ದು ಆಗ. ಆರು ವರ್ಷ ಎಲ್ಲವೂ ಶಾಂತವಾಗಿತ್ತು. ಆದರೆ ಶಿವಲಿಂಗರುದ್ರಸರ್ಜನಿಗೆ ಮಕ್ಕಳಿರಲಿಲ್ಲ, ದೇಹಸ್ಥಿತಿಯೂ ಚೆನ್ನಾಗಿರಲಿಲ್ಲ. ಮಾಸ್ತಮರಡಿಯ ಗೌಡರ ಮನೆಯ ಹುಡುಗ ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡು, 1824ರ ಸೆಪ್ಟೆಂಬರ್ 11ರಂದು ತೀರಿಕೊಂಡ. ಮನೆಯಲ್ಲಿ ಉಳಿದವರು ಮಲತಾಯಿ ಚೆನ್ನಮ್ಮ, ಸೊಸೆ ವೀರವ್ವ ಮತ್ತು ಈ ಹೊಸ ಹುಡುಗ.

ದತ್ತು ಎಂದರೆ ನಮ್ಮ ಮನೆಗಳಲ್ಲಿ ಏನೆಂದು ಹಿರಿಯರಿಗೆ ಹೇಳಬೇಕಾಗಿಲ್ಲ. ವಂಶ ನಿಲ್ಲಬಾರದು, ದೀಪ ಹಚ್ಚುವವನೊಬ್ಬ ಬೇಕು ಎಂದು ನೆಂಟರಿಷ್ಟರ ಎದುರಿನಲ್ಲಿ ಬೇರೆ ಮನೆಯ ಮಗುವನ್ನು ಕರೆತಂದು ಮಡಿಲಿಗೆ ಹಾಕಿಕೊಳ್ಳುತ್ತಾರೆ. ಅಂದಿನಿಂದ ಆ ಮಗುವಿಗೆ ಈ ಮನೆಯೇ ಮನೆ, ಈ ಹೆಸರೇ ಹೆಸರು. ಇದಕ್ಕೆ ಸಾಕ್ಷಿ ಬೇಕು, ಅಪ್ಪಣೆ ಬೇಕಾಗಿಲ್ಲ. ಕಂಪನಿಯ ಎಣಿಕೆ ಬೇರೆ. ಮನೆಯ ಆಸ್ತಿಗೆ ಯಾರಾದರೂ ಮಗನಾಗಲಿ, ಸಂಸ್ಥಾನಕ್ಕೆ ವಾರಸುದಾರನಾಗಬೇಕಾದರೆ ಮೇಲಿನ ಸರ್ಕಾರದ ಒಪ್ಪಿಗೆ ಬೇಕು; ಇಲ್ಲವಾದರೆ ಸಂಸ್ಥಾನ ಸರ್ಕಾರಕ್ಕೆ ಸೇರಿತು ಎಂದು ಅವರ ವಾದ. ಮುಂದೆ ಡಾಲ್‌ಹೌಸಿಯ ಕಾಲದಲ್ಲಿ ಇದೇ ವಾದ ದೇಶಕ್ಕೆಲ್ಲ ಹಬ್ಬಿ, ಝಾನ್ಸಿಯ ಲಕ್ಷ್ಮೀಬಾಯಿಯ ದತ್ತುಮಗನ ಪಟ್ಟವನ್ನೂ ನುಂಗಿತು. ಕಿತ್ತೂರಿನಲ್ಲಿ ಅದು ಮೂವತ್ತು ವರ್ಷ ಮೊದಲೇ ತಲೆಯೆತ್ತಿತ್ತು.

ಆಗ ಧಾರವಾಡದಲ್ಲಿ ಕಲೆಕ್ಟರನೂ ಪೊಲಿಟಿಕಲ್ ಏಜೆಂಟನೂ ಆಗಿದ್ದವನು ಸೇಂಟ್ ಜಾನ್ ಥ್ಯಾಕರೆ. ದತ್ತಕದ ವಿಚಾರ ತಿಳಿಸುವ, ಜುಲೈ ತಿಂಗಳ ತಾರೀಖಿದ್ದ ಕಾಗದ ಅವನ ಕೈಸೇರಿದ್ದು ದೇಸಾಯಿ ತೀರಿಕೊಂಡ ಮೇಲೆ. ಕಾಗದದ ಸಹಿಯ ಮೇಲೆ ಅವನಿಗೆ ಅನುಮಾನ ಬಂತು. ಸತ್ತ ಮೇಲೆ ನಡೆಸಿದ ದತ್ತು ಇದು ಎಂದು ತೀರ್ಮಾನಿಸಿದ. ಖಜಾನೆಗೆ ಮೊಹರು ಬಿತ್ತು, ಕಾವಲು ಕೂತಿತು. ಕಾಗದ ತಡವಾಗಿ ಹೋದದ್ದು ಏಕೆ ಎಂದು ಚರಿತ್ರೆಯ ವಿದ್ಯಾರ್ಥಿ ಕೇಳಲೇಬೇಕು. ಹಾಗೆಯೇ, ಸೂತಕದ ಮನೆಯೊಳಕ್ಕೆ ಹೊಕ್ಕು ನಿಮ್ಮ ಮಗ ನಿಮ್ಮ ಮಗನಲ್ಲ ಎಂದು ಹೇಳುವ ಅಧಿಕಾರ ಅವನಿಗೆ ಎಲ್ಲಿಂದ ಬಂತು ಎಂದೂ ಕೇಳಬೇಕು. ಎರಡು ಪ್ರಶ್ನೆಗಳಲ್ಲಿ ಚೆನ್ನಮ್ಮ ಕೇಳಿದ್ದು ಎರಡನೆಯದನ್ನು. ಕಪ್ಪದ ಸಂಭಾಷಣೆಗೆ ಚಪ್ಪಾಳೆ ಹೆಚ್ಚು, ನಿಜ. ನಮ್ಮ ಮಟ್ಟಿಗೆ ಈ ಪ್ರಶ್ನೆಯ ಕಾವು ಅದಕ್ಕಿಂತ ಹೆಚ್ಚು. ಏಕೆಂದರೆ ಕಪ್ಪ ಕೊಡುವ ಸಂಕಟ ದೊರೆಗಳಿಗೆ ಮಾತ್ರ, ಇದು ಯಾವ ಮನೆಗಾದರೂ ಬರಬಹುದಾದದ್ದು.

ಮಕ್ಕಳನ್ನು ರಾಜಕಾರಣದ ತಕ್ಕಡಿಯಲ್ಲಿಟ್ಟು ತೂಗುವುದು ಕಂಪನಿಯವರಿಗೆ ಹೊಸತೇನೂ ಆಗಿರಲಿಲ್ಲ. ಅದರ ಒಂದು ಅಧ್ಯಾಯ ನಮ್ಮ ಸೀಮೆಗೇ ಸೇರಿದ್ದು. ಮೂರನೆಯ ಮೈಸೂರು ಯುದ್ಧದ ಕೊನೆಗೆ, 1792ರ ಮಾರ್ಚಿಯಲ್ಲಿ, ಶ್ರೀರಂಗಪಟ್ಟಣದ ಒಪ್ಪಂದವಾಯಿತು. ಟಿಪ್ಪು ತನ್ನ ರಾಜ್ಯದ ಅರ್ಧವನ್ನು ಬಿಟ್ಟುಕೊಡಬೇಕಾಯಿತು. ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ಕಟ್ಟಲು ಒಪ್ಪಬೇಕಾಯಿತು. ಹಣ ಸಂದಾಯವಾಗುವವರೆಗೆ ಅವನ ಇಬ್ಬರು ಮಕ್ಕಳು, ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್, ಒತ್ತೆಯಾಗಿ ಕಂಪನಿಯ ಕೈಯಲ್ಲಿರಬೇಕಾಯಿತು. ಫೆಬ್ರವರಿ 26ರಂದು ಅಂಬಾರಿ ಆನೆಗಳ ಮೇಲೆ ಕೋಟೆಯಿಂದ ಹೊರಬಂದ ಆ ಮಕ್ಕಳು ನಮ್ಮ ಪ್ರಾಥಮಿಕ ಶಾಲೆಯ ಹುಡುಗರ ವಯಸ್ಸಿನವರು. ಅಲ್ಲಿದ್ದ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಆ ದೃಶ್ಯವನ್ನು ದೊಡ್ಡ ವರ್ಣಚಿತ್ರವಾಗಿ ಬರೆದಿದ್ದಾನೆ. ಅದರಲ್ಲಿ ಕಾರ್ನ್‌ವಾಲಿಸ್ ತಂದೆಯಂತೆ ಮಕ್ಕಳ ಕೈಹಿಡಿದು ಬರಮಾಡಿಕೊಳ್ಳುತ್ತಾನೆ. ಮಕ್ಕಳನ್ನು ಕಳಿಸಿಕೊಟ್ಟ ಮನೆಯ ಒಳಗನ್ನು ಯಾರೂ ಬರೆಯಲಿಲ್ಲ. ಎರಡು ವರ್ಷ ಮದರಾಸಿನಲ್ಲಿದ್ದು, 1794ರಲ್ಲಿ ದೇವನಹಳ್ಳಿಯ ಬಳಿ ಅವರು ತಂದೆಯನ್ನು ಮತ್ತೆ ಕಂಡರು.

ಆ ಒಪ್ಪಂದದಲ್ಲಿ ಟಿಪ್ಪು ಬಿಟ್ಟುಕೊಟ್ಟ ಸೀಮೆಗಳಲ್ಲಿ ಬಾರಾಮಹಲ್ ಮತ್ತು ಸೇಲಂ ಸೇರಿದ್ದವು. ಎಂದರೆ ಇಂದಿನ ಧರ್ಮಪುರಿ, ಕೃಷ್ಣಗಿರಿ, ಸೇಲಂ ಸುತ್ತಿನ ನೆಲವೂ ಏರ್ಕಾಡಿನ ಬೆಟ್ಟವೂ ಕಂಪನಿಯ ಪಾಲಾದದ್ದು ಆಗಲೇ. ಹೊಸೂರಿನ ಕಡೆ ಮಾತ್ರ ಇನ್ನೂ ಏಳು ವರ್ಷ ಮೈಸೂರಿಗೇ ಉಳಿದಿತ್ತು. ಹೊಸದಾಗಿ ಸಿಕ್ಕ ಈ ನಾಡಿನ ಕಂದಾಯ ಗೊತ್ತುಮಾಡಲು ಕ್ಯಾಪ್ಟನ್ ರೀಡ್ ಎಂಬುವನ ಕೈಕೆಳಗೆ ಬಂದ ಸಹಾಯಕರಲ್ಲೊಬ್ಬ, ಧರ್ಮಪುರಿಯಲ್ಲಿ ನೆಲೆಸಿ ಏಳು ವರ್ಷ ಹೊಲಗದ್ದೆ ಅಳೆಸಿದವನು, ಥಾಮಸ್ ಮನ್ರೋ. ಕಿತ್ತೂರಿಗೆ 1818ರಲ್ಲಿ ಅಭಯ ಕೊಟ್ಟನೆಂದು ಮೇಲೆ ಹೇಳಿದೆವಲ್ಲ, ಅವನೇ. ಕಿತ್ತೂರಿನ ಯುದ್ಧ ನಡೆದಾಗ ಅವನು ಮದರಾಸಿನ ಗವರ್ನರ್. ಸೇಲಂನ ಕಲೆಕ್ಟರ್ ಕಾಕ್‌ಬರ್ನ್ ಏರ್ಕಾಡಿನಲ್ಲಿ ಕಾಫಿ ಗಿಡ ಬೆಳೆಸಲು ಹವಣಿಸುತ್ತಿದ್ದುದೂ ಅದೇ ದಶಕದಲ್ಲಿ. ದೂರದ ಕಿತ್ತೂರಿಗೂ ನಮ್ಮ ಬೆಟ್ಟಕ್ಕೂ ಏನು ಸಂಬಂಧ ಎನ್ನುವವರಿಗಾಗಿ ಇದನ್ನು ಹೇಳಿದೆವು.

1824ರ ಅಕ್ಟೋಬರ್ 23ರಂದು ಥ್ಯಾಕರೆ ಫಿರಂಗಿಗಳೊಡನೆ ಕಿತ್ತೂರಿನ ಕೋಟೆಯ ಮುಂದೆ ನಿಂತು, ಬಾಗಿಲು ತೆರೆಯಬೇಕೆಂದು ಗಡುವು ಕೊಟ್ಟ. ಬಾಗಿಲು ತೆರೆಯಿತು, ಹೊರಗೆ ನುಗ್ಗಿದವರು ಕಿತ್ತೂರಿನ ಸೈನಿಕರು. ಥ್ಯಾಕರೆ ಅಲ್ಲಿಯೇ ಗುಂಡಿಗೆ ಬಲಿಯಾದ. ಗುಂಡು ಹಾರಿಸಿದವನು ಅಮಟೂರು ಬಾಳಪ್ಪನೆಂದು ನಾಡು ನೆನೆಯುತ್ತದೆ. ಥ್ಯಾಕರೆಯ ಅಣ್ಣನ ಮಗ, ಆಗ ಹದಿಮೂರು ವರ್ಷದ ಹುಡುಗ, ಮುಂದೆ ಇಂಗ್ಲಿಷಿನ ದೊಡ್ಡ ಕಾದಂಬರಿಕಾರನಾದ ವಿಲಿಯಂ ಥ್ಯಾಕರೆ. ವಾಟರ್ಲೂ ಯುದ್ಧದ ನೆರಳಿನಲ್ಲಿ ಬಾಳುವ ಸಂಸಾರಗಳ ಕಥೆಯನ್ನೇ ಅವನು 'ವ್ಯಾನಿಟಿ ಫೇರ್'ನಲ್ಲಿ ಬರೆದದ್ದು. ಸಾವು ಆ ಮನೆಗೂ ಬಂದಿತ್ತು ಎಂಬುದನ್ನು ನಾವು ಮರೆಯಬೇಕಾಗಿಲ್ಲ.

ಅಂದು ಕಂಪನಿಯ ಇಬ್ಬರು ಅಧಿಕಾರಿಗಳು ಕಿತ್ತೂರಿನವರ ಕೈಗೆ ಸಿಕ್ಕರು: ಎಲಿಯಟ್ ಮತ್ತು ಸ್ಟೀವನ್‌ಸನ್. ಈಗ ಒತ್ತೆ ಇಟ್ಟುಕೊಳ್ಳುವ ಸರದಿ ರಾಣಿಯದು. ಸುಮಾರು ಆರು ವಾರ ಅವರು ಕೋಟೆಯಲ್ಲಿದ್ದರು. ಅವರ ಕೂದಲೂ ಕೊಂಕಲಿಲ್ಲ. ಕಮಿಷನರ್ ಚಾಪ್ಲಿನ್ ಜೊತೆಗಿನ ಮಾತುಕತೆಯ ಮೇಲೆ ಡಿಸೆಂಬರಿನ ಮೊದಲಲ್ಲಿ ರಾಣಿ ಅವರನ್ನು ಬಿಟ್ಟುಕೊಟ್ಟಳು. ಬಿಟ್ಟುಕೊಟ್ಟ ಬೆನ್ನಲ್ಲೇ ದೊಡ್ಡ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿತು. ಈ ಕಾಳಗದಲ್ಲಿ ಸತ್ತ ಕಂಪನಿಯವರಲ್ಲಿ ಥಾಮಸ್ ಮನ್ರೋನ ಸೋದರ ಸಂಬಂಧದ ಹುಡುಗ, ಸಬ್ ಕಲೆಕ್ಟರ್ ಮನ್ರೋ ಕೂಡ ಒಬ್ಬ. ಡಿಸೆಂಬರ್ 5ರ ಹೊತ್ತಿಗೆ ಕೋಟೆ ಬಿತ್ತು.

ಬದುಕಿ ಹೊರಬಂದ ಆ ಎಲಿಯಟ್ ಯಾರೆಂದು ಕನ್ನಡದ ಮೇಷ್ಟರಾದ ನಾವು ಹೇಳದೆ ಹೋದರೆ ತಪ್ಪಾದೀತು. ಅವನೇ ಮುಂದೆ ಸರ್ ವಾಲ್ಟರ್ ಎಲಿಯಟ್ ಎಂದು ಹೆಸರಾದವನು. ಆಗಿನ್ನೂ ಇಪ್ಪತ್ತೊಂದರ ಯುವಕ. ಧಾರವಾಡ ಸೀಮೆಯಲ್ಲಿ ಕೆಲಸ ಮಾಡುತ್ತ, ಹಾಳುಬಿದ್ದ ಗುಡಿಗಳ ಮುಂದೆ ನಿಂತಿದ್ದ ಕಲ್ಲುಗಳನ್ನು ಓದಿಸಿ, 595 ಶಾಸನಗಳ ಪ್ರತಿಗಳನ್ನು ಕೂಡಿಸಿದ. ಚಾಲುಕ್ಯರ ಚರಿತ್ರೆಯನ್ನು ಕ್ರಮವಾಗಿ ಬರೆಯಲು ಮೊದಲ ಸಾಮಗ್ರಿ ಒದಗಿದ್ದು ಆ ಸಂಗ್ರಹದಿಂದ. ಪಾಠದಲ್ಲಿ ನೀವು ಓದುವ ವಿಕ್ರಮಾದಿತ್ಯನ ವರ್ಷಗಳ ಹಿಂದೆ, ಚೆನ್ನಮ್ಮನ ಕೋಟೆಯಿಂದ ಜೀವಸಹಿತ ಹೊರಬಂದ ಒಬ್ಬ ಸೆರೆಯಾಳಿನ ಶ್ರಮವೂ ಸೇರಿದೆ. ಎರಡೂವರೆ ಗಂಟೆಯ ಚಿತ್ರದಲ್ಲಿ ಇಂಥ ಮುಂದಿನ ಕಥೆಗಳಿಗೆಲ್ಲ ಎಡೆ ಸಿಗದು. ಹಾಗಾಗಿಯೇ ಚಿತ್ರ ನೋಡಿದ ಮೇಲೆ ಪುಸ್ತಕವನ್ನೂ ತೆರೆಯಬೇಕೆಂದು ನಾವು ಒತ್ತಿ ಹೇಳುವುದು.

ಕೋಟೆ ಬಿದ್ದ ಮೇಲೆ ಆ ಮನೆ ಏನಾಯಿತು? ಚೆನ್ನಮ್ಮನನ್ನೂ ಸೊಸೆ ವೀರವ್ವನನ್ನೂ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಟ್ಟರು. ಚೆನ್ನಮ್ಮ 1829ರ ಫೆಬ್ರವರಿಯಲ್ಲಿ ಅಲ್ಲಿಯೇ ಕಣ್ಣುಮುಚ್ಚಿದಳು. ಆಕೆಯ ಸಮಾಧಿ ಇರುವುದೂ ಅಲ್ಲಿಯೇ. ಅದೇ ವರ್ಷದಲ್ಲಿ ಮತ್ತೆ ದಂಗೆಯ ಬಾವುಟ ಎತ್ತಿದವನು ಸಂಗೊಳ್ಳಿ ರಾಯಣ್ಣ. ರಾಯಣ್ಣನ ಸಾಹಸಗಳನ್ನು ಹಾಡುವ ಲಾವಣಿಗಳನ್ನು ಕೇಳಿದವರು ಅವನ ಬೇಡಿಕೆ ಏನಿತ್ತೆಂಬುದನ್ನು ಕೆಲವೊಮ್ಮೆ ಮರೆಯುತ್ತಾರೆ. ದತ್ತುಮಗ ಶಿವಲಿಂಗಪ್ಪನನ್ನು ಪಟ್ಟದ ಮೇಲೆ ಕೂರಿಸಬೇಕು ಎಂಬುದೇ ಅವನ ಗುರಿ. ರಾಣಿ ಹೋದ ಮೇಲೂ, ಕೋಟೆ ಹಾಳಾದ ಮೇಲೂ, ಆ ಮನೆಯ ಮಗ ಅವನೇ ಎಂದು ಹಳ್ಳಿಯ ರೈತಮಕ್ಕಳು ಕತ್ತಿ ಹಿಡಿದರು. ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು.

ಕಿತ್ತೂರಿನ ವಿಜಯಕ್ಕೆ 2024ರ ಅಕ್ಟೋಬರಿಗೆ ಇನ್ನೂರು ವರ್ಷ ತುಂಬಿತು. ಅರವತ್ತು ವರ್ಷ ದಾಟಿದ ಈ ಚಿತ್ರ ಇಂದು ಮೊಬೈಲ್ ಫೋನಿನಲ್ಲಿಯೂ ಸಿಗುತ್ತದೆ. ಆದರೂ ಮನೆಮಂದಿ ಒಟ್ಟಿಗೆ ಕೂತು ನೋಡುವುದೇ ಚೆಂದ. ಅಜ್ಜಿಯರಿದ್ದರೆ ಅವರ ಪಕ್ಕದಲ್ಲಿ ಕೂರಿ. ಹಾಡುಗಳು ಬಂದಾಗ ಅವರು ದನಿಗೂಡಿಸುವುದನ್ನು ಕೇಳಿ. ಕಪ್ಪದ ದೃಶ್ಯ ಬಂದಾಗ ಚಪ್ಪಾಳೆ ತಟ್ಟಿ, ನಾವೂ ತಟ್ಟುತ್ತೇವೆ. ಆಮೇಲೆ ದತ್ತಕದ ಮಾತು ಬಂದಾಗ ಮಾತ್ರ ಸ್ವಲ್ಪ ಗಮನವಿಟ್ಟು, ದೊಡ್ಡವರೆಲ್ಲ ಮಾತನಾಡುತ್ತಿರುವ ಆ ಸಭೆಯಲ್ಲಿ ಶಿವಲಿಂಗಪ್ಪ ಎಂಬ ಹುಡುಗ ಎಲ್ಲಿ ನಿಂತಿದ್ದಾನೆ, ಯಾರ ಮುಖ ನೋಡುತ್ತಿದ್ದಾನೆ ಎಂದು ಹುಡುಕಿ ನೋಡಿ.